ಪದ ಪರಿಚಯ: ಬೋಧನೆಗೆ ಬೇಕಾದ ಗಣಿತಜ್ಞಾನ

ಮೂರನೆಯ ತರಗತಿಯ ಇಬ್ಬರು ಮಕ್ಕಳು 52ರಿಂದ 27ನ್ನು ಕಳೆದು 35 ಎಂದು ಬರೆದಿದ್ದಾರೆ ಎಂದುಕೊಳ್ಳೋಣ. ಉತ್ತರ ತಪ್ಪು, 25 ಬರಬೇಕಿತ್ತು ಎಂದು ಹೇಳಲು ಲೆಕ್ಕ ಬಲ್ಲ ಯಾರಿಗಾದರೂ ಸಾಧ್ಯ. ಆದರೆ 35 ಎಲ್ಲಿಂದ ಬಂತು ಎಂದು ಕಂಡುಹಿಡಿಯುವುದು ಬೇರೆಯೇ ಕೆಲಸ. ಮೊದಲನೆಯ ಮಗು ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವೆಂದು 7ರಿಂದಲೇ 2ನ್ನು ಕಳೆದು 5 ಬರೆದಿದೆ, ಹತ್ತರ ಸ್ಥಾನದಲ್ಲಿ 5ರಿಂದ 2ನ್ನು ಕಳೆದು 3 ಬರೆದಿದೆ. ಎರಡನೆಯ ಮಗು ಹತ್ತರ ಸ್ಥಾನದಿಂದ ಒಂದು ಹತ್ತನ್ನು ತಂದು 12ರಿಂದ 7ನ್ನು ಸರಿಯಾಗಿಯೇ ಕಳೆದಿದೆ, ಆದರೆ ತಂದ ಹತ್ತನ್ನು ಅಲ್ಲಿ ಕಡಿಮೆ ಮಾಡಲು ಮರೆತಿದೆ. ಉತ್ತರ ಒಂದೇ ಆದರೂ ತಪ್ಪುಗಳು ಎರಡು, ಮತ್ತು ಅವುಗಳಿಗೆ ಬೇಕಾದ ಪಾಠಗಳೂ ಬೇರೆಬೇರೆ. ಬಿಡಿ ಸ್ಥಾನದ ಅಂಕಿಗಳ ವ್ಯತ್ಯಾಸ 5 ಆಗಿರುವುದರಿಂದ ಈ ಲೆಕ್ಕ ಎರಡೂ ತಪ್ಪುಗಳನ್ನು ಒಂದೇ ಉತ್ತರದೊಳಗೆ ಮುಚ್ಚಿಬಿಡುತ್ತದೆ. ಇದನ್ನು ಗಮನಿಸಿದ ಶಿಕ್ಷಕರು ಮುಂದಿನ ಲೆಕ್ಕವಾಗಿ 52 − 28ನ್ನು ಕೊಟ್ಟರೆ ಮೊದಲನೆಯ ಮಗು 36 ಎಂದೂ ಎರಡನೆಯದು 34 ಎಂದೂ ಬರೆದು, ತಮ್ಮ ತಮ್ಮ ಆಲೋಚನೆಯ ದಾರಿಯನ್ನು ತಾವೇ ತೋರಿಸಿಕೊಡುತ್ತವೆ.

ಇಂತಹ ತಿಳಿವಳಿಕೆಯನ್ನು ಶಿಕ್ಷಣಶಾಸ್ತ್ರದಲ್ಲಿ ‘ಬೋಧನೆಗೆ ಬೇಕಾದ ಗಣಿತಜ್ಞಾನ’ ಎಂದು ಕರೆಯುತ್ತಾರೆ. ಇದು ಪದವಿ ತರಗತಿಯ ಉನ್ನತ ಗಣಿತವಲ್ಲ, ಎಲ್ಲ ವಿಷಯಗಳಿಗೂ ಅನ್ವಯಿಸುವ ಸಾಮಾನ್ಯ ಬೋಧನಾ ವಿಧಾನವೂ ಅಲ್ಲ. ಪ್ರಾಥಮಿಕ ಶಾಲೆಯ ಗಣಿತವನ್ನೇ ಬಿಡಿಸಿ, ಅದರ ಒಳಗಿನ ಕಾರಣಗಳನ್ನೂ ಮಕ್ಕಳು ಅದನ್ನು ಗ್ರಹಿಸುವ ಬಗೆಗಳನ್ನೂ ಒಟ್ಟಿಗೆ ನೋಡಬಲ್ಲ ಜ್ಞಾನ ಇದು. ಪಾಠ ಮಾಡುವವರಿಗಲ್ಲದೆ ಬೇರೆ ವೃತ್ತಿಯವರಿಗೆ ಇದರ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ.

ಈ ಪರಿಕಲ್ಪನೆಯ ಬೇರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ಶುಲ್ಮನ್ ಅವರ ಚಿಂತನೆಯಲ್ಲಿದೆ. ಅಮೆರಿಕದ ಶೈಕ್ಷಣಿಕ ಸಂಶೋಧಕರ ಸಂಘದ ಅಧ್ಯಕ್ಷರಾಗಿ ಅವರು 1985ರಲ್ಲಿ ಮಾಡಿದ ಭಾಷಣ ಮರುವರ್ಷ ಪ್ರಕಟವಾಯಿತು. ‘ಮಾಡಬಲ್ಲವನು ಮಾಡುತ್ತಾನೆ, ಮಾಡಲಾರದವನು ಕಲಿಸುತ್ತಾನೆ’ ಎಂಬ ಅರ್ಥದ ಬರ್ನಾರ್ಡ್ ಶಾ ಅವರ ಕುಹಕಕ್ಕೆ ಅದರಲ್ಲಿ ನೇರ ಉತ್ತರವಿತ್ತು. ಶಿಕ್ಷಕರ ಅರ್ಹತೆಯನ್ನು ಒಂದು ಕಡೆ ವಿಷಯಜ್ಞಾನದ ಪರೀಕ್ಷೆಯಿಂದ, ಇನ್ನೊಂದು ಕಡೆ ತರಗತಿ ನಿರ್ವಹಣೆಯ ಕೌಶಲದಿಂದ ಅಳೆಯುತ್ತಿದ್ದ ಕಾಲದಲ್ಲಿ, ಇವೆರಡರ ನಡುವೆ ಬಿಟ್ಟುಹೋಗಿದ್ದ ಮೂರನೆಯ ಬಗೆಯ ಜ್ಞಾನವೊಂದಿದೆ ಎಂದು ಶುಲ್ಮನ್ ವಾದಿಸಿದರು. ವಿಷಯವನ್ನು ಕಲಿಯುವವರಿಗೆ ಎಟುಕುವಂತೆ ಮಾಡಲು ಬೇಕಾದ ನಿದರ್ಶನಗಳು, ವಿವರಣೆಗಳು, ಯಾವುದು ಏಕೆ ಕಠಿಣವೆನಿಸುತ್ತದೆ ಎಂಬ ಅರಿವು ಆ ಜ್ಞಾನದಲ್ಲಿ ಸೇರಿದ್ದವು. ಸ್ವತಃ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ್ದ ಮಿಷಿಗನ್ ವಿಶ್ವವಿದ್ಯಾಲಯದ ಡೆಬೊರಾ ಬಾಲ್ ಮತ್ತು ಅವರ ಸಹೋದ್ಯೋಗಿಗಳು ಈ ವಿಚಾರವನ್ನು ಗಣಿತಕ್ಕೆ ಅನ್ವಯಿಸಿ, ಗಣಿತ ಕಲಿಸುವ ಹೊತ್ತಿನಲ್ಲಿ ಶಿಕ್ಷಕರು ನಿಜವಾಗಿ ಏನು ಮಾಡುತ್ತಾರೆ ಎಂಬುದನ್ನು ಅಭ್ಯಸಿಸಿ, 2008ರ ಲೇಖನವೊಂದರಲ್ಲಿ ಅದನ್ನು ವಿಂಗಡಿಸಿ ತೋರಿಸಿದರು. ವಿಂಗಡಣೆಯ ಗೆರೆಗಳು ಎಲ್ಲ ಕಡೆಯೂ ಸ್ಪಷ್ಟವಾಗಿಲ್ಲ ಎಂಬುದನ್ನು ಅವರೇ ಒಪ್ಪಿದ್ದಾರೆ. ಆದ್ದರಿಂದ ಆ ವರ್ಗಗಳ ಹೆಸರುಗಳನ್ನು ಕಂಠಪಾಠ ಮಾಡಿಸುವ ತರಬೇತಿಯಿಂದ ಹೆಚ್ಚಿನ ಪ್ರಯೋಜನವಾಗದು.

ಆ ವರ್ಗಗಳಲ್ಲಿ ನಿಜಕ್ಕೂ ಹೊಸದು ಒಂದು: ಕಲಿಸುವವರಿಗೇ ಮೀಸಲಾದ ವಿಶೇಷ ಗಣಿತಜ್ಞಾನ. 24 × 15ನ್ನು ಮೂವರು ಮಕ್ಕಳು ಮೂರು ಬಗೆಯಲ್ಲಿ ಮಾಡಿದ್ದಾರೆ ಎನ್ನೋಣ. ಒಬ್ಬಳು 24ರ ಹತ್ತರಷ್ಟಾದ 240ಕ್ಕೆ ಅದರ ಅರ್ಧವಾದ 120ನ್ನು ಕೂಡಿಸಿ 360 ಎಂದಳು. ಇನ್ನೊಬ್ಬ 24ನ್ನು ಅರ್ಧ ಮಾಡಿ, 15ನ್ನು ಇಮ್ಮಡಿ ಮಾಡಿ, 12 × 30 ಎಂದು ಮಾಡಿ 360 ಪಡೆದ. ಮೂರನೆಯವನು 20ನ್ನು 10ರಿಂದಲೂ 4ನ್ನು 5ರಿಂದಲೂ ಗುಣಿಸಿ 220 ಎಂದ. ಪುಸ್ತಕದ ಕ್ರಮ ಇವುಗಳಲ್ಲಿ ಯಾವುದೂ ಅಲ್ಲ. ಶಿಕ್ಷಕರು ಅಲ್ಲೇ ನಿಂತು ನಿರ್ಧರಿಸಬೇಕಾದ ಪ್ರಶ್ನೆಗಳು ಹಲವು: ಎರಡನೆಯ ಹುಡುಗನ ಉಪಾಯ ಯಾವಾಗಲೂ ಸರಿಯೇ, ಅಥವಾ ಈ ಸಂಖ್ಯೆಗಳಿಗೆ ಮಾತ್ರ ಹೊಂದಿಕೊಂಡಿತೇ? ಅದು ಯಾವಾಗಲೂ ಸರಿ, ಆದರೆ ಎರಡೂ ಸಂಖ್ಯೆಗಳು ಬೆಸವಾದಾಗ ಸುಲಭವಲ್ಲ. ಮೂರನೆಯವನ ಯೋಚನೆ ಎಲ್ಲಿ ತಪ್ಪಿತು? ಕೂಡುವಾಗ ಹತ್ತುಗಳನ್ನು ಹತ್ತುಗಳೊಂದಿಗೂ ಬಿಡಿಗಳನ್ನು ಬಿಡಿಗಳೊಂದಿಗೂ ಸೇರಿಸುವ ರೂಢಿಯನ್ನು ಅವನು ಗುಣಾಕಾರಕ್ಕೂ ಒಯ್ದಿದ್ದಾನೆ. ಉದ್ದ 20 + 4, ಅಗಲ 10 + 5 ಇರುವ ಆಯತವನ್ನು ಬರೆದು ನಾಲ್ಕು ಭಾಗ ಮಾಡಿದರೆ 200, 100, 40, 20 ಎಂಬ ನಾಲ್ಕು ತುಂಡುಗಳು ಕಾಣುತ್ತವೆ, ಅವನು ಬಿಟ್ಟುಬಿಟ್ಟ ಎರಡು ತುಂಡುಗಳೂ ಕಣ್ಣಿಗೆ ಬೀಳುತ್ತವೆ. ‘ತಪ್ಪು, ಮತ್ತೆ ಮಾಡು’ ಎಂಬ ಮಾತು ಈ ಹುಡುಗನಿಗೆ ಇಷ್ಟನ್ನು ಹೇಳಲಾರದು.

ಪ್ರಶ್ನೆಪತ್ರಿಕೆ ತಯಾರಿಸುವಾಗಲೂ ಇದೇ ಜ್ಞಾನ ಬೇಕು, ಮತ್ತು ಇದರ ಕೊರತೆ ಅಲ್ಲಿ ಹೆಚ್ಚು ಹಾನಿ ಮಾಡುತ್ತದೆ. 0.25, 0.38, 0.71 ಇವುಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ ಎಂದು ಕೇಳಿದರೆ, ಬಿಂದುವನ್ನು ಲೆಕ್ಕಿಸದೆ 25, 38, 71 ಎಂದು ಓದುವ ಮಗುವಿಗೂ ಪೂರ್ಣ ಅಂಕ ಸಿಗುತ್ತದೆ. 0.7 ಮತ್ತು 0.45ರಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ ಮಾತ್ರ ಆ ಮಗು 0.45 ಎಂದು ಬರೆದು ತನ್ನ ಗ್ರಹಿಕೆಯನ್ನು ಬಯಲು ಮಾಡುತ್ತದೆ. ಇಷ್ಟೂ ಸಾಲದು. ನೂರರಲ್ಲೊಂದು ಭಾಗವು ಹತ್ತರಲ್ಲೊಂದು ಭಾಗಕ್ಕಿಂತ ಚಿಕ್ಕದೆಂದು ಕಲಿತು, ಬಿಂದುವಿನ ಬಳಿಕ ಅಂಕಿಗಳು ಹೆಚ್ಚಿದಷ್ಟೂ ಸಂಖ್ಯೆ ಚಿಕ್ಕದು ಎಂದು ತೀರ್ಮಾನಿಸಿಕೊಂಡ ಮಕ್ಕಳೂ ಇರುತ್ತಾರೆ, ಅವರು 0.7 ಎಂದು ಸರಿಯುತ್ತರವನ್ನೇ ಕೊಡುತ್ತಾರೆ. ಅವರನ್ನು ಗುರುತಿಸಲು 0.3 ಮತ್ತು 0.82ರಂತಹ ಜೋಡಿಯೂ ಬೇಕು. ಎರಡು ಸಣ್ಣ ಪ್ರಶ್ನೆಗಳನ್ನು ಸರಿಯಾಗಿ ಆರಿಸಿದರೆ ಸಿಗುವ ಮಾಹಿತಿ, ಆರಿಸದೆ ಕೊಟ್ಟ ಇಪ್ಪತ್ತು ಪ್ರಶ್ನೆಗಳಿಂದಲೂ ಸಿಗದೆ ಹೋಗಬಹುದು.

ಮುಂದಿನ ತರಗತಿಗಳ ಗಣಿತ ಎತ್ತ ಸಾಗುತ್ತದೆ ಎಂಬ ಅರಿವೂ ಈ ಜ್ಞಾನದ ಒಂದು ಭಾಗವೇ. ‘ಚಿಕ್ಕ ಸಂಖ್ಯೆಯಿಂದ ದೊಡ್ಡದನ್ನು ಕಳೆಯಲು ಬರುವುದೇ ಇಲ್ಲ’ ಎಂಬ ಮಾತು ಋಣ ಸಂಖ್ಯೆಗಳ ಪಾಠದಲ್ಲಿ ಸುಳ್ಳಾಗುತ್ತದೆ, ‘ಗುಣಿಸಿದರೆ ದೊಡ್ಡದಾಗುತ್ತದೆ’ ಎಂಬುದು ಭಿನ್ನರಾಶಿಯಲ್ಲಿ, ‘ಹತ್ತರಿಂದ ಗುಣಿಸಿದರೆ ಕೊನೆಗೊಂದು ಸೊನ್ನೆ ಹಾಕಿ’ ಎಂಬುದು 2.5 × 10ರಲ್ಲಿ.

ಪ್ರಾಥಮಿಕ ಗಣಿತ ‘ಸುಲಭ’, ಅದನ್ನು ಕಲಿಸಲು ಹೆಚ್ಚು ಓದಿದವರೇ ತಕ್ಕವರು ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಲಿಪಿಂಗ್ ಮಾ ಅವರು 1999ರಲ್ಲಿ ಪ್ರಕಟಿಸಿದ ತುಲನಾತ್ಮಕ ಅಧ್ಯಯನ. ಚೀನಾದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದು ಬಳಿಕ ಅಮೆರಿಕದಲ್ಲಿ ಸಂಶೋಧನೆ ಮಾಡಿದ ಅವರು, 23 ಅಮೆರಿಕನ್ ಮತ್ತು 72 ಚೀನೀ ಪ್ರಾಥಮಿಕ ಶಿಕ್ಷಕರನ್ನು ಮಾತನಾಡಿಸಿದರು. ಅವರ ಪ್ರಶ್ನೆಗಳಲ್ಲೊಂದು ಹೀಗಿತ್ತು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಮತ್ತು ಆ ಲೆಕ್ಕಕ್ಕೆ ಹೊಂದುವ ಕಥೆಯೊಂದನ್ನು ಹೇಳಿ. ಚೀನಾದ ಶಿಕ್ಷಕರೆಲ್ಲರೂ ಲೆಕ್ಕವನ್ನು ಸರಿಯಾಗಿ ಮಾಡಿದರು, ಬಹುತೇಕರು ಹೊಂದುವ ಕಥೆಯನ್ನೂ ಕಟ್ಟಿದರು. ಅಮೆರಿಕದವರಲ್ಲಿ ಸರಿಯುತ್ತರ ಮುಟ್ಟಿದವರು ಅರ್ಧಕ್ಕಿಂತ ಕಡಿಮೆ. ಕಥೆ ಹೇಳಹೊರಟವರಲ್ಲಿ ಹಲವರು ಒಂದೂಮುಕ್ಕಾಲನ್ನು ಇಬ್ಬರಿಗೆ ಹಂಚಿಬಿಟ್ಟರು. ಅದು ಎರಡರಿಂದ ಭಾಗಿಸಿದಂತಾಯಿತೇ ಹೊರತು ಅರ್ಧದಿಂದಲ್ಲ. ಒಂದೂಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರಿನ ಪ್ಯಾಕೆಟ್ಟುಗಳಿಗೆ ತುಂಬಿದರೆ ಎಷ್ಟು ಪ್ಯಾಕೆಟ್ಟು ಎಂದು ಕೇಳಿದ್ದರೆ ಮೂರೂವರೆ ಎಂಬ ಉತ್ತರಕ್ಕೆ ಅರ್ಥ ಬರುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಚೀನಾದ ಆ ಶಿಕ್ಷಕರಲ್ಲಿ ಹೆಚ್ಚಿನವರು ಒಂಬತ್ತನೆಯ ತರಗತಿಯ ಬಳಿಕ ಎರಡು ಮೂರು ವರ್ಷಗಳ ಶಿಕ್ಷಕ ತರಬೇತಿ ಪಡೆದವರು, ಅಮೆರಿಕದವರು ಪದವೀಧರರು. ಚೀನೀ ಶಿಕ್ಷಕರ ತಿಳಿವಳಿಕೆ ಬೆಳೆದದ್ದು ಬಹುಮಟ್ಟಿಗೆ ಕೆಲಸಕ್ಕೆ ಸೇರಿದ ಮೇಲೆ: ಪಠ್ಯಪುಸ್ತಕವನ್ನು ಸಾಲು ಸಾಲಾಗಿ ಅಭ್ಯಸಿಸುವುದರಿಂದ, ಶಾಲೆಯ ಸಹಶಿಕ್ಷಕರ ಗುಂಪಿನಲ್ಲಿ ಪಾಠದ ಕುರಿತು ಚರ್ಚಿಸುವುದರಿಂದ.

ಕರ್ನಾಟಕದಲ್ಲಿ ಇಂತಹ ಚರ್ಚೆಗೆ ಜಾಗವಿಲ್ಲವೆಂದೇನಲ್ಲ. ಸಿ.ಆರ್.ಪಿ.ಗಳು, ಅಂದರೆ ಹತ್ತಿರದ ಹಲವು ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು, ನಡೆಸುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇರುವುದೇ ಇದಕ್ಕಾಗಿ. ಆದರೆ ಸುತ್ತೋಲೆ, ಅಂಕಿಅಂಶಗಳ ನಮೂನೆ, ಮುಂದಿನ ಕಾರ್ಯಕ್ರಮಗಳ ಸೂಚನೆಗಳೇ ಸಮಯ ತಿಂದುಬಿಟ್ಟರೆ ಗಣಿತ ಉಳಿಯುವುದು ಕೊನೆಯ ಕಾಲು ಗಂಟೆಗೆ. ಕಲಿಕೋಪಕರಣಗಳ ವಿಷಯದಲ್ಲಿ ನಮ್ಮ ಶಾಲೆಗಳು ಮೊದಲಿಗಿಂತ ಉತ್ತಮ ಸ್ಥಿತಿಯಲ್ಲಿವೆ. ಕೆಳಗಿನ ತರಗತಿಗಳಿಗೆ ಚಟುವಟಿಕೆ ಆಧಾರಿತ ನಲಿ-ಕಲಿಯ ಕಾರ್ಡುಗಳಿವೆ. ಸ್ವಯಂಸೇವಾ ಸಂಸ್ಥೆಯಾದ ಅಕ್ಷರ ಫೌಂಡೇಶನ್ ಸಹಯೋಗದ ಗಣಿತ ಕಲಿಕಾ ಆಂದೋಲನದಿಂದ ನಾಲ್ಕು, ಐದನೆಯ ತರಗತಿಗಳಿಗೆ ಗಣಿತದ ಕಿಟ್ ಬಂದಿದೆ. ಕಿಟ್ಟನ್ನು ಬಳಸುವುದು ಹೇಗೆಂದು ತೋರಿಸಿದರೆ ತರಬೇತಿ ಮುಗಿಯಿತೆಂದು ತಿಳಿಯುವುದರಲ್ಲಿ ಮಾತ್ರ ತೊಡಕಿದೆ. ಹತ್ತು ಕಡ್ಡಿಗಳ ಕಟ್ಟಿನಲ್ಲಿ ಹತ್ತು ಎಂಬುದು ಕಣ್ಣಿಗೆ ಕಾಣುತ್ತದೆ, ಬಿಚ್ಚಿದರೆ ಹತ್ತು ಬಿಡಿಗಳಾಗುತ್ತವೆ. ಅಬಾಕಸ್‌ನಲ್ಲಿ ಹತ್ತರ ಕಂಬಿಯ ಮಣಿಯೂ ಬಿಡಿಯ ಕಂಬಿಯ ಮಣಿಯೂ ಒಂದೇ ಗಾತ್ರ. ಬೆಲೆ ಇರುವುದು ಸ್ಥಾನದಲ್ಲಿ ಮಾತ್ರ. ಸ್ಥಾನಬೆಲೆ ಇನ್ನೂ ಮನಸ್ಸಿಗೆ ಬಾರದ ಮಗುವಿನ ಕೈಗೆ ಮೊದಲು ಅಬಾಕಸ್ ಕೊಟ್ಟರೆ ಮಣಿ ಎಣಿಸುವ ಆಟವಷ್ಟೇ ನಡೆಯುತ್ತದೆ. ಕಡ್ಡಿಕಟ್ಟು ಯಾವಾಗ, ಅಬಾಕಸ್ ಯಾವಾಗ ಎಂಬ ತೀರ್ಮಾನ ಪೆಟ್ಟಿಗೆಯೊಳಗೆ ಬರುವುದಿಲ್ಲ. ಒಂದು ಸಭೆಗೆ ಒಂದೇ ಲೆಕ್ಕವನ್ನು ಆರಿಸಿ, ಅದಕ್ಕೆ ಬೇರೆಬೇರೆ ಶಾಲೆಗಳ ಮಕ್ಕಳು ಬರೆದ ಉತ್ತರಗಳನ್ನು ಹೆಸರಿಲ್ಲದೆ ಹರಡಿಕೊಂಡು, ಪ್ರತಿ ಉತ್ತರದ ಹಿಂದಿನ ಯೋಚನೆ ಏನು, ಮುಂದಿನ ಪ್ರಶ್ನೆ ಏನಿರಬೇಕು ಎಂದು ಮಾತನಾಡಿದರೆ, ಚಟುವಟಿಕೆಗಳ ಪ್ರದರ್ಶನಕ್ಕಿಂತ ಅದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಈ ಜ್ಞಾನವನ್ನು ಅಳೆಯುವ ಪ್ರಶ್ನೆಗಳನ್ನು ಮಿಷಿಗನ್ ತಂಡ ರೂಪಿಸಿದೆ. ಅಂತಹ ಪ್ರಶ್ನೆಗಳಲ್ಲಿ ಹೆಚ್ಚು ಅಂಕ ಪಡೆದ ಶಿಕ್ಷಕರ ತರಗತಿಯ ಮಕ್ಕಳು ಗಣಿತದಲ್ಲಿ ಹೆಚ್ಚು ಮುಂದುವರಿದದ್ದು, ಒಂದನೆಯ ಮತ್ತು ಮೂರನೆಯ ತರಗತಿಗಳ ಕುರಿತ 2005ರ ಅಧ್ಯಯನದಲ್ಲಿ ಕಂಡುಬಂದಿತು. ಆದರೆ ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿದರೆ ಸಾಲದು, ಏಕೆಂದರೆ ಮಕ್ಕಳ ತಪ್ಪುಗಳಲ್ಲಿ ಭಾಷೆಯ ಪಾಲೂ ಇದೆ. ‘ಇನ್ನೂರ ಮೂರು’ ಎಂದು ಕೇಳಿದ ಮಗು ಮೊದಲು 200, ಅದರ ಮುಂದೆ 3 ಇಟ್ಟು 2003 ಎಂದು ಬರೆಯುತ್ತದೆ. ‘ಇಪ್ಪತ್ತಮೂರು’ ಎನ್ನುವಾಗ ಕನ್ನಡದಲ್ಲಿ ಹತ್ತು ಮೊದಲು ಬರುತ್ತದೆ, ಬರೆಯುವ ಕ್ರಮವೂ ಅದೇ. ಬೆಳಗಾವಿಯ ಮರಾಠಿ ಮಾಧ್ಯಮದ ಶಾಲೆಯಲ್ಲೋ ಉರ್ದು ಶಾಲೆಯಲ್ಲೋ ಬಿಡಿ ಮೊದಲು ಕೇಳಿಸುವುದರಿಂದ ಅಲ್ಲಿ 32 ಎಂದು ಬರೆಯುವ ಮಗುವಿನ ತಪ್ಪಿಗೆ ಬೇರೆ ಕಾರಣವಿರಬಹುದು. ಕಾಲು, ಅರ್ಧ, ಮುಕ್ಕಾಲು ಮನೆಯಿಂದಲೇ ಬಂದ ಮಾತುಗಳು. ‘ನಾಲ್ಕನೇ ಮೂರು ಭಾಗ’ ಎಂಬಲ್ಲಿ ಮಾತ್ರ ಛೇದ ಮೊದಲು ಕೇಳಿಸುತ್ತದೆ, ಆದರೆ ಬರೆಯುವಾಗ ಮೇಲೆ ನಿಲ್ಲುವುದು ಅಂಶ. ಈ ಬಗೆಯ ಪ್ರಶ್ನೆಗಳನ್ನು ಕನ್ನಡ, ಮರಾಠಿ, ಉರ್ದು ಶಾಲೆಗಳ ಮಕ್ಕಳ ನೋಟ್‌ಬುಕ್ಕುಗಳಿಂದಲೇ ಆರಿಸಿ, ಆಯಾ ತರಗತಿಯ ಶಿಕ್ಷಕರ ನೆರವಿನಿಂದಲೇ ರೂಪಿಸಬೇಕಾಗುತ್ತದೆ.