ಶೆಡ್‌ಗೆ ಜಲ್ಲಿ ಪಾಯ: ಮೊದಲು ನೀರಿನ ದಾರಿ ನೋಡಿ

ಹಿತ್ತಲಲ್ಲಿ ಶೆಡ್ ಕಟ್ಟಬೇಕು ಅಂತ ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಭಾರದ ಬಗ್ಗೆ. ಇಷ್ಟೆಲ್ಲ ಸಾಮಾನು ತುಂಬಿದರೆ ನೆಲ ತಡೆಯುತ್ತಾ? ಸಣ್ಣ ಮರದ ಶೆಡ್‌ನ ಭಾರ ಅಷ್ಟೇನೂ ದೊಡ್ಡದಲ್ಲ, ಗಟ್ಟಿ ಮಣ್ಣು ಆರಾಮಾಗಿ ಹೊರುತ್ತದೆ. ಶೆಡ್ ಹಾಳಾಗುವುದು ಹೆಚ್ಚಾಗಿ ಕೆಳಗಿನ ತೇವದಿಂದ. ಅಡಿಯ ತೊಲೆಗಳು ಒಣಗದೆ ಕೊಳೆಯುತ್ತವೆ, ಒಂದು ಮೂಲೆ ಕುಸಿಯುತ್ತದೆ, ಬಾಗಿಲು ಮುಚ್ಚಲು ಬರುವುದಿಲ್ಲ. ಮರವನ್ನು ನೀರಿನಿಂದ ದೂರ ಇಡುವುದೇ ಜಲ್ಲಿ ಪಾಯದ ಮುಖ್ಯ ಕೆಲಸ.

ಆದ್ದರಿಂದ ಗುದ್ದಲಿ ಹಿಡಿಯುವ ಮುಂಚೆ ಮಣ್ಣನ್ನು ನೋಡಿ. ಜಾಗದ ಪಕ್ಕದಲ್ಲಿ ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಮನಿಸಿ. ಕೆಲವು ಗಂಟೆಯಲ್ಲಿ ಖಾಲಿಯಾದರೆ ಚಿಂತೆ ಇಲ್ಲ. ಮಾರನೇ ದಿನವೂ ನೀರು ನಿಂತಿದ್ದರೆ ಅದು ಜೇಡಿಮಣ್ಣು. ಅಲ್ಲಿ ಸುಮ್ನೆ ಅಗೆದು ಜಲ್ಲಿ ತುಂಬಿದರೆ ನೀವು ಮಾಡಿದ್ದು ಪಾಯವಲ್ಲ, ತೊಟ್ಟಿ. ಸುತ್ತಲಿನ ಮಳೆನೀರೆಲ್ಲ ಬಂದು ಅದರಲ್ಲೇ ನಿಲ್ಲುತ್ತದೆ.

ಇದಕ್ಕೆ ದಾರಿ ಇದೆ. ಪಾಯಕ್ಕೆ ಅಗೆದ ಗುಂಡಿಯ ತಳವನ್ನು ಒಂದು ಬದಿಗೆ ಸ್ವಲ್ಪ ಇಳಿಜಾರು ಮಾಡಿ, 8 ಅಡಿಗೆ ಒಂದು ಇಂಚು ಸಾಕು. ತಗ್ಗಿನ ಮೂಲೆಯಿಂದ ಹೊರಕ್ಕೆ ಒಂದು ಕಾಲುವೆ ತೋಡಿ, ಅದಕ್ಕೂ ಜಲ್ಲಿ ತುಂಬಿ, ಇನ್ನೂ ತಗ್ಗಿರುವ ಕಡೆಗೆ ನೀರು ಹೋಗುವ ಹಾಗೆ ಬಿಡಿ. ಇಳಿಜಾರು ಬೇಕಾದದ್ದು ತಳಕ್ಕೆ ಮಾತ್ರ, ಜಲ್ಲಿಯ ಮೇಲ್ಮೈ ಮಟ್ಟವಾಗಿಯೇ ಇರಬೇಕು. ಜಾಗ ಪೂರ್ತಿ ಸಪಾಟಾಗಿದ್ದು ನೀರು ಬಿಡಲು ತಗ್ಗೇ ಇಲ್ಲದಿದ್ದರೆ ಆಳಕ್ಕೆ ಹೋಗಬೇಡಿ. ಹುಲ್ಲು, ಬೇರು, ಮೆತ್ತನೆ ಮೇಲ್ಮಣ್ಣು ತೆಗೆದು, ಸುತ್ತ ಮರದ ಚೌಕಟ್ಟು ಕಟ್ಟಿ, ಜಲ್ಲಿಯನ್ನು ನೆಲದಿಂದ ಮೇಲಕ್ಕೆ ಏರಿಸಿ.

ಮೇಲ್ಮಣ್ಣು ತೆಗೆಯುವುದನ್ನು ಮಾತ್ರ ಎಲ್ಲಿಯೂ ಬಿಡುವಂತಿಲ್ಲ. ಅದರಲ್ಲಿರುವ ಬೇರು, ಸೊಪ್ಪು, ಕಸ ಕೊಳೆತಂತೆಲ್ಲ ಮಣ್ಣು ಕುಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ನೆಲ ಓರೆಯಾಗಿದ್ದರೆ ಎತ್ತರದ ಬದಿಯನ್ನು ಕಡಿದು ಸಮ ಮಾಡಿ. ಕಡಿದ ಮಣ್ಣನ್ನು ತಗ್ಗಿಗೆ ತುಂಬಿ ಅದರ ಮೇಲೆ ಶೆಡ್ ಕೂರಿಸಬೇಡಿ, ಆ ಬದಿ ಮುಂದೆ ಇಳಿದೇ ಇಳಿಯುತ್ತದೆ. ಅಗೆಯುವ ಜಾಗದಲ್ಲಿ ಪೈಪು, ಕರೆಂಟು ಕೇಬಲ್ ಹಾದುಹೋಗಿವೆಯೇ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಕಲ್ಲು. ಒಂದು ಹಿಡಿ ಜಲ್ಲಿ ತೆಗೆದುಕೊಂಡು ಮುಷ್ಟಿಯಲ್ಲಿ ಒತ್ತಿ ನೋಡಿ. ಹೊಳೆಯ ಉರುಟು ಕಲ್ಲಾದರೆ ಒಂದರ ಮೇಲೊಂದು ಜಾರುತ್ತವೆ. ಕ್ರಷರ್‌ನಲ್ಲಿ ಒಡೆದದ್ದಾದರೆ ಮೂಲೆಗಳು ಅಂಗೈಗೆ ಚುಚ್ಚುತ್ತವೆ, ಕಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಅಲುಗಾಡುವುದಿಲ್ಲ. ನಮಗೆ ಬೇಕಾದದ್ದು ಇದೇ, 20 ಎಂಎಂ ಅಳತೆಯದು. ಉರುಟು ಕಲ್ಲು ನೋಡಲು ಚೆಂದ ನಿಜ, ಆದರೆ ಎಷ್ಟು ಬಡಿದರೂ ಕಾಲ ಕೆಳಗೆ ಹೊರಳುತ್ತಲೇ ಇರುತ್ತದೆ. ಕಲ್ಲುಪುಡಿ ಬೆರೆತ ಜಲ್ಲಿ ಬಿಗಿಯಾಗಿ ಕೂರುತ್ತದೆ ಅಂತ ಕೆಲವರು ಅದನ್ನೇ ಹಾಕುತ್ತಾರೆ. ಬಿಗಿಯಾಗುವುದು ನಿಜವೇ, ಆದರೆ ಆ ಪುಡಿ ಸಂದುಗಳನ್ನು ಮುಚ್ಚಿ ತೇವ ಹಿಡಿದಿಡುತ್ತದೆ. ಮರದ ಶೆಡ್‌ಗೆ ನಾನು ಪುಡಿ ಇಲ್ಲದ ಜಲ್ಲಿಯನ್ನೇ ಹೇಳುತ್ತೇನೆ.

ಜಲ್ಲಿ ಹಾಸು ಶೆಡ್‌ಗಿಂತ ಎಲ್ಲ ಬದಿಗೂ ಒಂದು ಅಡಿ ಜಾಸ್ತಿ ಇರಲಿ. ಸೂರಿನ ನೀರು ಜಲ್ಲಿಯ ಮೇಲೆ ಬಿದ್ದರೆ ಕೆಸರು ಸಿಡಿದು ಗೋಡೆಗೆ ಹತ್ತುವುದಿಲ್ಲ. 10 ಅಡಿಗೆ 12 ಅಡಿಯ ಶೆಡ್ ಅಂದುಕೊಳ್ಳಿ. ಹಾಸು 12 ಅಡಿಗೆ 14 ಅಡಿ ಆಗುತ್ತದೆ. 6 ಇಂಚು ದಪ್ಪಕ್ಕೆ 84 ಘನ ಅಡಿ ಜಲ್ಲಿ ಬೇಕು. ಬಡಿದಾಗ ಇಳಿಯುತ್ತದೆ, ಹಾಗಾಗಿ ನೂರಕ್ಕೆ ಹತ್ತರಷ್ಟು ಹೆಚ್ಚಿಗೇ ತರಿಸಿ. ನಾಲ್ಕು ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಈ ಅಳತೆಯ ಜಲ್ಲಿ ಹಾಸಾದರೆ ಎರಡೂ ಕರ್ಣ 18 ಅಡಿ ಐದೂಕಾಲು ಇಂಚು ಬರಬೇಕು. ಬರದಿದ್ದರೆ ಗೂಟ ಸರಿಸಿ. ಈ ಹಂತದಲ್ಲಿ ಅದು ಎರಡು ನಿಮಿಷದ ಕೆಲಸ.

ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅಂಚುಗಳನ್ನು ಗುಂಡಿಯ ಅಥವಾ ಚೌಕಟ್ಟಿನ ಒಳಬದಿಗೆ ಏರಿಸಿ. ನೀರು ಇದರ ಮೂಲಕ ಇಳಿಯುತ್ತದೆ, ಆದರೆ ಜಲ್ಲಿ ಮಣ್ಣಿನಲ್ಲಿ ಹೂತುಹೋಗುವುದಿಲ್ಲ, ಕೆಸರು ಮೇಲಕ್ಕೆ ಬರುವುದಿಲ್ಲ. ಇದರ ಬದಲು ಪ್ಲಾಸ್ಟಿಕ್ ಹಾಳೆ ಹಾಸುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಇಷ್ಟು ಕಷ್ಟಪಟ್ಟು ಅಗೆದು, ಕೊನೆಗೆ ನೀರು ಇಳಿಯುವ ಜಾಗವನ್ನೇ ಮುಚ್ಚಿದ ಹಾಗಾಯಿತು, ಅಲ್ವಾ?

ಜಲ್ಲಿಯನ್ನು ಒಂದೇ ಸಲ ಸುರಿಯಬೇಡಿ. 3 ಇಂಚು ಹರಡಿ, ಬಡಿದು, ಆಮೇಲೆ ಮುಂದಿನ 3 ಇಂಚು. ಪ್ಲೇಟ್ ಕಂಪ್ಯಾಕ್ಟರ್, ಅಂದರೆ ಜಲ್ಲಿಯನ್ನು ಬಡಿದು ಕೂರಿಸುವ ಯಂತ್ರ, ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಸಣ್ಣ ಜಾಗವಾದರೆ ಕೈಯಿಂದಲೇ ದಿಮ್ಮಿಸು ಹೊಡೆಯಬಹುದು. ಸದ್ದಿನ ಮೇಲೆ ಕಿವಿ ಇಡಿ. ಮೊದಮೊದಲು ಮಂದವಾಗಿ ಕೇಳುತ್ತದೆ. ಕಲ್ಲು ಕೂತಂತೆಲ್ಲ ಸದ್ದು ಗಟ್ಟಿಯಾಗುತ್ತದೆ, ಹಿಡಿಯಲ್ಲಿ ಪೆಟ್ಟು ವಾಪಸ್ ಬರುತ್ತದೆ. ನಂತರ ಉದ್ದನೆಯ ನೇರ ಹಲಗೆಯ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಗೆ ಎಲ್ಲ ನೋಡಿ, ತಗ್ಗಿದ್ದಲ್ಲಿ ಒಂದೆರಡು ಬುಟ್ಟಿ ಜಲ್ಲಿ ಹಾಕಿ ಸರಿಮಾಡಿ.

ಶೆಡ್‌ನ ಅಡಿಯ ತೊಲೆಗಳು ನೆಲಕ್ಕೆ ತಾಗಿದರೂ ಬಾಳುವಂತೆ ಸಂಸ್ಕರಿಸಿದ ಮರದ್ದೇ ಆಗಿರಲಿ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಜಲ್ಲಿ ಶೆಡ್ಡನ್ನು ಹೊರುತ್ತದೆ, ಹಿಡಿದುಕೊಳ್ಳುವುದಿಲ್ಲ. ಜೋರು ಗಾಳಿಗೆ ಖಾಲಿ ಶೆಡ್ ಜರುಗಬಹುದು, ಮಗುಚಲೂಬಹುದು. ನಾಲ್ಕು ಮೂಲೆಯಲ್ಲೂ ಸ್ಕ್ರೂ ಹಾಗೆ ಮಣ್ಣಿನ ಆಳಕ್ಕೆ ತಿರುಗಿಸುವ ಆ್ಯಂಕರ್ ಹಾಕಿ ತೊಲೆಗೆ ಬಿಗಿಯಿರಿ. ಶೆಡ್ ಕೂರಿಸಿದ ದಿನವೇ ಇದನ್ನೂ ಮುಗಿಸಿಬಿಡಿ.