ಟವರ್ ಇಲ್ಲದ ಕಡಲಲ್ಲಿ ಸಂದೇಶಕ್ಕೆ ದಾರಿ ತೋರಿಸುವವರು ಯಾರು?

ಪ್ರಶ್ನೆ: ಟವರ್ ಇಲ್ಲದೆ ರೇಡಿಯೋದಿಂದ ರೇಡಿಯೋಗೆ ಸಂದೇಶ ದಾಟಿಸುವ 'ಅಡ್ ಹಾಕ್' ನೆಟ್‌ವರ್ಕ್ ಇದೆಯಂತೆ. ನಮ್ಮ ಬೈತಖೋಲ ಬಂದರಿನ ಬೋಟುಗಳಲ್ಲಿ ಅಂಥದ್ದನ್ನು ಇಟ್ಟರೆ, ಯಾವ ಬೋಟಿನ ಮೂಲಕ ಹೋಗಬೇಕು ಅಂತ ತೀರ್ಮಾನಿಸುವವರು ಯಾರು?
– ಓದುಗರೊಬ್ಬರು, ಕಾರವಾರ

ಉತ್ತರ: ಅದಕ್ಕೆ ಅಂತ ಒಬ್ಬ ಯಜಮಾನ ಇರುವುದಿಲ್ಲ. ಬೋಟುಗಳಂತೆ ಜಾಗ ಬದಲಿಸುತ್ತಲೇ ಇರುವ ಕಡೆಗೆ ನಾನಾದರೆ ಎಒಡಿವಿ (AODV) ಪ್ರೋಟೋಕಾಲ್, ಅಂದರೆ ರೇಡಿಯೋಗಳು ತಾವೇ ದಾರಿ ಕಂಡುಕೊಳ್ಳುವ ಒಂದು ನಿಯಮಾವಳಿ, ಆರಿಸುತ್ತೇನೆ. 2003ರಲ್ಲಿ ಆರ್‌ಎಫ್‌ಸಿ 3561 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಂದದ್ದು. ಬೇಕಾದಾಗ ಮಾತ್ರ ದಾರಿ ಹುಡುಕುತ್ತದೆ.

ಆಳ ಸಮುದ್ರದ ಬೋಟೊಂದು ಬಂದರಿಗೆ ಸಂದೇಶ ಕಳಿಸಬೇಕು ಅಂದುಕೊಳ್ಳಿ. 'ಬಂದರಿಗೆ ದಾರಿ ಗೊತ್ತಾ?' ಎಂದು ಕೂಗುತ್ತದೆ. ಕೇಳಿಸಿಕೊಂಡ ಬೋಟುಗಳು ಆ ಕೂಗನ್ನು ಮುಂದೆ ದಾಟಿಸುತ್ತವೆ. ಜೊತೆಗೆ, ಅದು ತನಗೆ ಯಾರಿಂದ ಬಂತು ಅಂತ ಪ್ರತಿಯೊಂದೂ ಬರೆದಿಟ್ಟುಕೊಳ್ಳುತ್ತದೆ. ಅದೇ ಕೂಗು ಮತ್ತೆ ಕೇಳಿದರೆ ಸುಮ್ನೆ ಬಿಟ್ಟುಬಿಡುತ್ತದೆ. ಬಂದರಿನ ಉತ್ತರ ಬರೆದಿಟ್ಟ ಜಾಡು ಹಿಡಿದು ವಾಪಸ್ ಬರುತ್ತದೆ. ಬರುತ್ತಾ ಬರುತ್ತಾ ಬಂದರಿನ ದಾರಿಯೂ ನಮೂದಾಗುತ್ತದೆ. ಆದರೂ ಪೂರ್ತಿ ದಾರಿ ಯಾರಿಗೂ ಗೊತ್ತಿಲ್ಲ! ಮುಂದೆ ಯಾರ ಕೈಗೆ ಕೊಡಬೇಕು ಅನ್ನುವುದಷ್ಟೇ ಗೊತ್ತು.

ನಿಜವಾದ ತಲೆನೋವು ದಾರಿ ಕಡಿದಾಗ. 'ಅ' ಬೋಟು ಬಂದರಿಗೆ ಹತ್ತಿರ, 'ಆ' ಬೋಟು ಅದರ ಆಚೆ. 'ಅ' ಸ್ವಲ್ಪ ದೂರ ಸರಿದು ಬಂದರಿನ ಸಂಪರ್ಕ ಕಳೆದುಕೊಂಡಿತು. 'ಆ'ನನ್ನು ಕೇಳಿದರೆ ಅದು 'ನನಗೆ ದಾರಿ ಗೊತ್ತು' ಅನ್ನಬಹುದು. ಆದರೆ ಆ ದಾರಿ ಇರುವುದೇ 'ಅ' ಮೂಲಕ! ಸಂದೇಶ ಇಬ್ಬರ ನಡುವೆಯೇ ಸುತ್ತುತ್ತಿರುತ್ತದೆ. ಇದನ್ನು ತಪ್ಪಿಸಲು ಪ್ರತಿ ದಾರಿಗೂ ಒಂದು ಕ್ರಮಸಂಖ್ಯೆ ಇರುತ್ತದೆ; ಸಂಖ್ಯೆ ದೊಡ್ಡದಾದಷ್ಟೂ ಮಾಹಿತಿ ಹೊಸದು. 'ಅ' ಬಳಿ 12 ಇತ್ತು. ದಾರಿ ಕಡಿದಾಗ ಅದನ್ನು 13 ಮಾಡಿ ಕೇಳುತ್ತದೆ. 12ರ ಹಳೇ ದಾರಿ ಇಟ್ಟುಕೊಂಡ 'ಆ' ಉತ್ತರ ಕೊಡುವ ಹಾಗಿಲ್ಲ. 1994ರ ಡಿಎಸ್‌ಡಿವಿ ಎಂಬ ಹಳೆಯ ಪ್ರೋಟೋಕಾಲ್‌ನಿಂದ ಬಂದ ಉಪಾಯ ಇದು. ಇಡೀ ವ್ಯವಸ್ಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದೂ ಇದೇ.

ಶಿರಸಿ ಕಡೆಯ ತೋಟದ ಮನೆಗಳ ಮೇಲೆ ರೇಡಿಯೋ ಇಟ್ಟರೆ ಲೆಕ್ಕ ಬೇರೆ. ಮನೆ ಅಲ್ಲಾಡುವುದಿಲ್ಲ ಅಲ್ವಾ? ಅಲ್ಲಿ ಒಎಲ್‌ಎಸ್‌ಆರ್ (OLSR) ತರಹದ ಪ್ರೋಟೋಕಾಲ್ ಸಾಕು. ಅದು ಯಾರೂ ಕೇಳದಿದ್ದರೂ ನೆಟ್‌ವರ್ಕ್‌ನ ನಕ್ಷೆಯನ್ನು ಸದಾ ಸಿದ್ಧವಾಗಿಟ್ಟುಕೊಳ್ಳುತ್ತದೆ.

ಎರಡಕ್ಕೂ ಒಂದು ದೌರ್ಬಲ್ಯ ಇದೆ. ಮೂಲ ರೂಪದಲ್ಲಿ ಎರಡೂ ಕಡಿಮೆ ಜಿಗಿತದ (ಒಂದು ರೇಡಿಯೋದಿಂದ ಇನ್ನೊಂದಕ್ಕೆ ದಾಟಿದರೆ ಒಂದು ಜಿಗಿತ) ದಾರಿಯನ್ನೇ ಆರಿಸುತ್ತವೆ. ಮಳೆಗಾಲದಲ್ಲಿ ಒದ್ದೆ ಮರಗಳನ್ನು ದಾಟಿ ಬರುವ ಒಂದೇ ಜಿಗಿತದಲ್ಲಿ ಮೂರಕ್ಕೆ ಒಂದು ಸಂದೇಶ ಮಾತ್ರ ಮುಟ್ಟುತ್ತದೆ ಎನ್ನೋಣ. ಅಂದರೆ ಸರಾಸರಿ ಮೂರು ಸಲ ಕಳಿಸಬೇಕು. ಗಟ್ಟಿ ಸಂಪರ್ಕದ ಎರಡು ಜಿಗಿತಕ್ಕೆ ಎರಡೇ ಸಲ ಸಾಕು. ಹೀಗೆ ಎಣಿಸುವ ಅಳತೆಗೆ ಇಟಿಎಕ್ಸ್ ಎನ್ನುತ್ತಾರೆ. ಸಾಫ್ಟ್‌ವೇರ್ ಆರಿಸುವಾಗ ಅದು ಇದೆಯಾ ಅಂತ ಮೊದಲು ನೋಡಿ.