ಎರಿ ಮಣ್ಣಿದ್ರೂ ಕಸದ ಗುಂಡಿಗೆ ಜೇಡಿ ಹಾಸು ಯಾಕ ಬೇಕು?

ಕಲಬುರಗಿ ಬಾಜು ಹಳ್ಳಿಯವ್ರೊಬ್ರು ಕೇಳ್ಯಾರ: "ಸರ್, ನಮ್ ಕಡಿ ಎಲ್ಲಾ ಎರಿ ಭೂಮಿ, ಮಳಿ ಬಂದ್ರ ನೀರು ಹೊಲದಾಗೇ ನಿಂದರ್ತದ. ಮತ್ತ ಕಸದ ಗುಂಡಿಗೆ ಬ್ಯಾರೆ ಜೇಡಿ ಮಣ್ಣಿನ ಹಾಸು ಯಾಕ ಬೇಕ್ರಿ?"

ನೀವ್ ನೋಡಿದ್ದು ಖರೇನೇ ಅದ, ಆದ್ರ ಅದು ಮಳಿಗಾಲದ ಮಾತು. ತೊಗರಿ ರಾಶಿ ಮುಗದು ಏಪ್ರಿಲ್ ಬಂದ ಮ್ಯಾಲ ಅದೇ ಹೊಲದಾಗ ಬಾಯಿ ಬಿಟ್ಟ ಸೀಳಿನೊಳಗ ಒಂದ್ ತೊಗರಿ ಕಟಗಿ ಇಳಿಸಿ ನೋಡ್ರಿ, ಸರಸರ ಇಳೀತದ. ಮೊದಲ ಮಳಿ ಬಿದ್ದಾಗ ಕಸ ತೊಳಕೊಂಡು ಇಳಿಯೋ ಕರಿ ನೀರು, ಲೀಚೇಟ್ ಅಂತಾರಲ್ಲ ಅದು, ಆ ಸೀಳು ಹಿಡದು ಸೀದಾ ಕೆಳಗ ಹೋಗ್ತದ, ಮಣ್ಣು ಉಬ್ಬಿ ಸೀಳು ಮುಚ್ಚೋದ್ರಾಗ ಹೋಗೋದು ಹೋಗೇ ಬಿಟ್ಟಿರ್ತದ.

ಹಾಸು ಅಂದ್ರ ಮಣ್ಣು ತಂದು ಸುರುವೋದಲ್ಲ. ಹೆಂಟಿ ಒಡೀಬೇಕು, ಹದಕ್ಕಿಂತ ತುಸು ಜಾಸ್ತಿನೇ ಹಸಿ ಮಾಡಬೇಕು, ಸುಮಾರು 15 ಸೆಂಟಿಮೀಟರಿನ ಒಂದೊಂದೇ ಪದರು ಹಾಕಿ ರೋಲರ್‌ಲೇ ತುಳೀಬೇಕು. ಒಣ ಹೆಂಟಿ ಉಳದ್ರ ಅದರ ಸುತ್ತ ಸಂದಿ ಉಳೀತದ, ಎಲ್ಲಾ ಕೆಲಸ ಕೆಡೋದು ಇಲ್ಲೇ. 2016ರ ಘನತ್ಯಾಜ್ಯ ನಿಯಮದಾಗ ಇಂಥ ಮಣ್ಣು 90 ಸೆಂಟಿಮೀಟರ್, ಅದರ ಮ್ಯಾಲ 1.5 ಮಿಲಿಮೀಟರ್ ಪ್ಲಾಸ್ಟಿಕ್ ಶೀಟ್ ಅಂತ ಬರದಿದ್ರು. ಸರಿಯಾಗಿ ತುಳದ ಹಾಸಿನ ಮ್ಯಾಲ ನೀರು ನಿಲ್ಲದಂಗ ಪೈಪ್‌ಲೇ ಎಳದು ತಗದ್ರ, ವರ್ಷಕ್ಕ ಸುಮಾರು 3 ಸೆಂಟಿಮೀಟರ್ ಎತ್ತರದಷ್ಟು ನೀರು ದಾಟಿದ್ರ ಹೆಚ್ಚು. ದಾಟೋ ನೀರಿನಾಗಿನ ಸೀಸ, ಕ್ಯಾಡ್ಮಿಯಂ ಅಂಥದ್ದನ್ನೂ ಜೇಡಿ ಕಣ ಹಿಡಕೋತಾವ. ಉಪ್ಪು, ನೈಟ್ರೇಟ್ ಮಾತ್ರ ಹಿಡಿಯಂಗಿಲ್ಲ, ಅದಕ್ಕೇ ಶೀಟೂ ಬೇಕು.

ಎರಿ ಮಣ್ಣಿನ ಹಾಸು ಹಾಕಿ ಬ್ಯಾಸಗ್ಯಾಗ ನಾಕ ದಿನ ಬಿಸಲಿಗೆ ಬಿಟ್ರ ಮತ್ತ ಸೀಳೇ, ಅದಕ್ಕ ಪದರು ಮುಗದ ಕೂಡಲೇ ಶೀಟ್ ಮುಚ್ಚಬೇಕು. ನನ್ನ ಕೇಳಿದ್ರ ಕಲಬುರಗಿ ಬಿಸಲಾಗ ಮಣ್ಣಿನ ಜಾತಿಗಿಂತ ಇದೇ ದೊಡ್ಡ ಪ್ರಶ್ನೆ.

ಬೀದರ್ ಕಡಿ ಕಥಿನೇ ಬ್ಯಾರೆ, ಅಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು, ಮೈತುಂಬ ತೂತು. ನೌಬಾದ್ ಸುರಂಗ ಬಾವಿಗೆ ನೀರು ಬರೋದೇ ಅಂಥಾ ಕಲ್ಲಿನಾಗ ಬಸದು, ಅಲ್ಲಿ ಹಾಸಿಲ್ದ ಕಸ ಹಾಕೋದು ಅಂದ್ರ ಬಾವಿಗೇ ಹಾಕಿದಂಗ.

ಈಗಾಗ್ಲೇ ಹಾಸಿಲ್ದ ಬಿದ್ದಿರೋ ಹಳೆ ಗುಡ್ಡಿಗೆ ಕೆಳಗಿಂದ ಹಾಸು ಹಾಕಲಿಕ್ಕೆ ಬರಂಗಿಲ್ಲ. ಒಂದೋ ಕಸ ಅಗದು ಬ್ಯಾರೆ ಮಾಡಿ ಸಾಗಿಸಬೇಕು, ಇಲ್ಲಂದ್ರ ಮ್ಯಾಲಿಂದ ಮುಚ್ಚಿ ಮಳಿ ನೀರು ಒಳಗ ಇಳಿಯದಂಗ ಮಾಡಬೇಕು. ನಿಮ್ಮ ಬೋರ್ ಅದರ ಇಳಕಲಿಗೆ ಇದ್ರ ಈ ಮಳಿಗಾಲ ಮುಗದ ಮ್ಯಾಲ ನೈಟ್ರೇಟ್, ಕ್ಲೋರೈಡ್ ಒಮ್ಮೆ ಟೆಸ್ಟ್ ಮಾಡಸ್ರಿ.